ಕುಟುಂಬ ವೈದ್ಯರ ವಿವೇಚನೆಗೆ ಒರೆಗಲ್ಲು

ವ್ಯಾಪಾರಸ್ಥ ಮನೆತನಗಳ ಮಕ್ಕಳು ವೈದ್ಯಕೀಯ ಓದಿಗೆ ಹೋಗುವುದು ಈಗ ಹೊಸ ಸಂಗತಿಯಲ್ಲ. ಎಂ.ಬಿ.ಬಿ.ಎಸ್. ಮುಗಿಯುತ್ತಲೇ ಮನೆಯಲ್ಲಿ ಏಳುವ ಮಾತು ಒಂದೇ: ಮುಂದೆ ಯಾವ ಸ್ಪೆಷಾಲಿಟಿ? ಹೃದಯ, ಎಲುಬು, ಕಣ್ಣು, ಚರ್ಮ ಎಂದು ಪಟ್ಟಿ ಬೆಳೆಯುತ್ತದೆ. ಅದರಲ್ಲಿ ‘ಫ್ಯಾಮಿಲಿ ಮೆಡಿಸಿನ್’ ಎಂಬ ಹೆಸರು ಬರುವುದು ಅಪರೂಪ. ಕುಟುಂಬ ವೈದ್ಯನೆಂದರೆ ಮುಂದೆ ಓದದೆ ಉಳಿದವನು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಈ ಭಾವನೆ ಸರಿಯಲ್ಲ. ಕುಟುಂಬ ವೈದ್ಯಶಾಸ್ತ್ರ ಒಂದು ಸ್ನಾತಕೋತ್ತರ ವಿಷಯ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿ.ಎನ್.ಬಿ. ಪದವಿಗೆ ಎಂ.ಬಿ.ಬಿ.ಎಸ್. ನಂತರ ಮೂರು ವರ್ಷ ದುಡಿಯಬೇಕು. ವಯನಾಡಿನ ನಮ್ಮ ಬಾಂಧವರು ತಾಮರಶ್ಶೇರಿ ಘಾಟಿ ಇಳಿದು ಚಿಕಿತ್ಸೆಗೆ ಹೋಗುವ ಕಲ್ಲಿಕೋಟೆಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಇದೇ ವಿಷಯದಲ್ಲಿ ಎಂ.ಡಿ. ಕೂಡ ಇದೆ. ಹೀಗೆ ತರಬೇತಿಯಲ್ಲಿರುವ ವೈದ್ಯರನ್ನು ‘ರೆಸಿಡೆಂಟ್’ ಎನ್ನುತ್ತಾರೆ. ಇವರು ಓದಿದ್ದನ್ನು ನೆನಪಿಟ್ಟಿದ್ದಾರೆಯೇ ಎಂದು ತಿಳಿಯುವುದು ಸುಲಭ. ಸರಿಯಾಗಿ ಯೋಚಿಸುತ್ತಾರೆಯೇ ಎಂದು ತಿಳಿಯುವುದು ಹೇಗೆ? ನಮ್ಮ ಮನೆಯ ಹಿರಿಯರ ಆರೋಗ್ಯ ಈ ಪ್ರಶ್ನೆಯ ಮೇಲೆ ನಿಂತಿದೆ.

ಮೊತ್ತ ಸರಿಯಿದ್ದರೆ ಸಾಲದು

ಅಂಗಡಿಯಲ್ಲಿ ಹೊಸ ಹುಡುಗನಿಗೆ ಲೆಕ್ಕ ಕಲಿಸುವ ಹಿರಿಯರು ಪುಟದ ಕೆಳಗಿನ ಮೊತ್ತವನ್ನಷ್ಟೇ ನೋಡುವುದಿಲ್ಲ. ಕಿರ್ದಿಯಿಂದ ಖಾತೆಗೆ ಪ್ರತಿಯೊಂದು ರಕಮು ಹೇಗೆ ಹೋಯಿತು ಎಂದು ಬೆರಳಿಟ್ಟು ನೋಡುತ್ತಾರೆ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿ ಮೊತ್ತ ತಾಳೆಯಾಗುವುದುಂಟು. ಆ ಹುಡುಗ ಇವತ್ತು ಪಾರಾದರೂ ನಾಳೆ ಸಿಕ್ಕಿಬೀಳುತ್ತಾನೆ.

ವೈದ್ಯರ ವಿಷಯವೂ ಹೀಗೆಯೇ. ರೋಗದ ಹೆಸರು ಅದೃಷ್ಟದಿಂದಲೂ ಸರಿಹೋಗಬಹುದು. ತಜ್ಞರ ಬಳಿಗೆ ಹೋಗುವ ರೋಗಿ ಸಾಮಾನ್ಯವಾಗಿ ಒಂದು ಸುತ್ತು ಸೋಸಿದ ಮೇಲೆ ಹೋದವನು. ಕುಟುಂಬ ವೈದ್ಯರ ಮುಂದೆ ಬರುವ ಕಾಯಿಲೆಗೆ ಹೆಸರೇ ಇರುವುದಿಲ್ಲ. ‘ಯಾಕೋ ಸುಸ್ತು’, ‘ಗ್ಯಾಸ್ ಆಗಿದೆ’, ‘ತಲೆ ತಿರುಗುತ್ತದೆ’ ಎಂಬ ಮಾತಿನಿಂದ ಅವರು ಹೊರಡಬೇಕು. ಹತ್ತು ಮಂದಿಯ ಗ್ಯಾಸ್ ನಿಜವಾಗಿ ಗ್ಯಾಸೇ ಆಗಿದ್ದು, ಹನ್ನೊಂದನೆಯವರದು ಹೃದಯಾಘಾತದ ಮುನ್ಸೂಚನೆ ಆಗಿರಬಹುದು.

ಒಂದು ಮಾದರಿ ಪ್ರಕರಣ

ವಿವರಣೆಗಾಗಿ ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳೋಣ. 58 ವರ್ಷದ ಕಿರಾಣಿ ವ್ಯಾಪಾರಿ. 12 ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆ, ಹುಳಿತೇಗಿಗೆ ಇನ್ನೊಂದು ಗುಳಿಗೆ. ಶುದ್ಧ ಸಸ್ಯಾಹಾರಿ. ಆರು ತಿಂಗಳಿಂದ ಎರಡೂ ಅಂಗಾಲು ಜೋಮು ಹಿಡಿಯುತ್ತಿವೆ, ಕತ್ತಲಲ್ಲಿ ನಡೆದರೆ ಓಲಾಡಿದಂತಾಗುತ್ತದೆ.

ಸಕ್ಕರೆ ಕಾಯಿಲೆಯಿಂದ ನರ ದುರ್ಬಲವಾಗಿದೆ ಎನ್ನುವುದು ತಟ್ಟನೆ ಹೊಳೆಯುವ ಉತ್ತರ. ಅದು ನಿಜವೂ ಇರಬಹುದು. ಆದರೆ ಅಲ್ಲಿಗೇ ನಿಂತರೆ ಇನ್ನೊಂದು ಕಾರಣ ಕಣ್ತಪ್ಪುತ್ತದೆ. ಬಿ-12 ಜೀವಸತ್ವ ಸಸ್ಯಾಹಾರಿಗಳಿಗೆ ಮುಖ್ಯವಾಗಿ ಹಾಲು, ಮೊಸರಿನಿಂದ ಮಾತ್ರ ಸಿಗುತ್ತದೆ. ಬಹುಕಾಲ ತೆಗೆದುಕೊಂಡ ಮೆಟ್‌ಫಾರ್ಮಿನ್ ಅದು ದೇಹಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಹೊಟ್ಟೆಯ ಆಮ್ಲ ತಗ್ಗಿಸುವ ಗುಳಿಗೆಯೂ ಹಾಗೆಯೇ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇಂಥ ಲಕ್ಷಣ ಕಂಡರೆ ಬಿ-12 ಪರೀಕ್ಷಿಸಬೇಕೆಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ವೈದ್ಯರಿಗೆ ಸೂಚನೆ ಕೊಟ್ಟಿತು. ಕೊರತೆಯನ್ನು ಬೇಗ ಗುರುತಿಸಿದರೆ ಗುಣವಾಗುತ್ತದೆ. ತಡವಾದರೆ ನರಗಳ ಹಾನಿ ಶಾಶ್ವತವಾಗಿ ಉಳಿಯಬಹುದು. ಫೋಲಿಕ್ ಆಮ್ಲದ ಗುಳಿಗೆಯನ್ನಷ್ಟೇ ಕೊಟ್ಟರೆ ರಕ್ತಹೀನತೆ ಸುಧಾರಿಸಿದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ನಾಲ್ಕು ಮೆಟ್ಟಿಲು

ಇಲ್ಲಿ ನಮ್ಮ ಶಾಸ್ತ್ರ ನೆನಪಾಗುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯದಲ್ಲಿ ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಹೇಳಿದೆ. ಏನೋ ಇದೆ ಎಂದು ಕಾಣುವುದು ಅವಗ್ರಹ. ಅದು ಏನಿರಬಹುದೆಂದು ವಿಶೇಷವಾಗಿ ವಿಚಾರಿಸುವುದು ಈಹಾ. ನಿಶ್ಚಯಕ್ಕೆ ಬರುವುದು ಅವಾಯ. ಅದನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳುವುದು ಧಾರಣಾ. ಶಾಸ್ತ್ರಕಾರರು ವೈದ್ಯಕೀಯದ ಬಗ್ಗೆ ಹೇಳಿದ್ದಲ್ಲ, ನಿಜ. ಆದರೂ ರೋಗನಿದಾನದಲ್ಲಿ ಆಗುವ ದೊಡ್ಡ ತಪ್ಪು ಯಾವುದೆಂದು ತಿಳಿಯಲು ಈ ವಿಭಾಗ ಅನುಕೂಲ. ಈಹಾ ಪೂರ್ತಿಯಾಗುವ ಮೊದಲೇ ಅವಾಯಕ್ಕೆ ಹಾರುವುದೇ ಆ ತಪ್ಪು. ವ್ಯಾಪಾರಿಯ ಕಾಲಿನ ಜೋಮಿಗೆ ‘ಸಕ್ಕರೆ’ ಎಂದು ಕೂಡಲೇ ಷರಾ ಬರೆಯುವುದು ಹೀಗೆಯೇ.

1978ರಲ್ಲಿ ಎಲ್‌ಸ್ಟೀನ್, ಶುಲ್‌ಮನ್ ಮತ್ತು ಸ್ಪ್ರಾಫ್ಕಾ ಎಂಬ ಅಮೆರಿಕದ ಸಂಶೋಧಕರು ವೈದ್ಯರು ಯೋಚಿಸುವ ಬಗೆಯನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದರು. ಅನುಭವಿಗಳೂ ಹೊಸಬರೂ ಮೊದಲ ಕೆಲವು ನಿಮಿಷಗಳಲ್ಲೇ ಕೆಲವು ಊಹೆ ಕಟ್ಟುತ್ತಾರೆ ಎಂದು ಅವರು ಕಂಡರು. ಒಂದು ಕಾಯಿಲೆಯಲ್ಲಿ ಚೆನ್ನಾಗಿ ಯೋಚಿಸಿದವರು ಇನ್ನೊಂದರಲ್ಲಿಯೂ ಹಾಗೆಯೇ ಯೋಚಿಸುತ್ತಾರೆ ಎಂಬ ಭರವಸೆ ಇಲ್ಲವೆಂಬುದೂ ತಿಳಿದುಬಂತು. ಒಂದೇ ರೋಗಿಯನ್ನು ತೋರಿಸಿ ಉತ್ತೀರ್ಣ, ಅನುತ್ತೀರ್ಣ ಎಂದು ತೀರ್ಮಾನಿಸುವ ಹಳೆಯ ಪದ್ಧತಿ ಇದರಿಂದ ದುರ್ಬಲವಾಯಿತು.

ಬಗೆಬಗೆಯ ಪರೀಕ್ಷೆಗಳು

ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ಪ್ರಾಧ್ಯಾಪಕರು 1990ರಲ್ಲಿ ಈ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಿದರು. ತಿಳಿದಿದೆ, ಹೇಗೆಂದು ತಿಳಿದಿದೆ, ಮಾಡಿ ತೋರಿಸುತ್ತಾನೆ, ನಿತ್ಯದಲ್ಲಿ ಮಾಡುತ್ತಾನೆ. ಕೆಳಗಿನ ಮೆಟ್ಟಿಲಿನ ಪರೀಕ್ಷೆ ಮೇಲಿನದಕ್ಕೆ ಸಾಕ್ಷಿಯಾಗದು. ನಮ್ಮ ವ್ಯಾಪಾರಿಯ ಪ್ರಕರಣವನ್ನೇ ಇಟ್ಟುಕೊಂಡು ಬೇರೆ ಬೇರೆ ಪರೀಕ್ಷೆಗಳನ್ನು ನೋಡಬಹುದು.

ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪ್ರಶ್ನೆಪತ್ರಿಕೆ ಮೊದಲ ಮೆಟ್ಟಿಲಿನದು. ‘ಬಿ-12 ಕೊರತೆ’ ಎಂಬ ಹೆಸರು ಉತ್ತರಗಳಲ್ಲಿ ಕಣ್ಣಿಗೆ ಬಿದ್ದರೆ ನೆನಪು ತಾನೇ ಎಚ್ಚರಗೊಳ್ಳುತ್ತದೆ. ಆಸ್ಪತ್ರೆಯಲ್ಲಿ ರೋಗಿ ಉತ್ತರಗಳ ಪಟ್ಟಿ ಹಿಡಿದು ಬರುವುದಿಲ್ಲ.

ಕೆನಡಾದಲ್ಲಿ ಬೋರ್ಡಾಜ್ ಮತ್ತು ಪೇಜ್ ಎಂಬವರು ರೂಪಿಸಿದ ಪರೀಕ್ಷೆಯಲ್ಲಿ ಪ್ರಕರಣದ ಮರ್ಮಸ್ಥಾನಗಳಿಗೆ ಮಾತ್ರ ಅಂಕ. ಈ ವ್ಯಾಪಾರಿಯಲ್ಲಿ ಯಾವ ಎರಡು ತಪಾಸಣೆ ಮುಖ್ಯ ಎಂದು ಕೇಳಿದರೆ ಎರಡನ್ನೇ ಹೇಳಬೇಕು. ಹತ್ತು ಬರೆದು ಅದರಲ್ಲಿ ಎರಡು ಸರಿ ಎಂದರೆ ನಡೆಯದು. ಮಿತಿ ಮೀರಿದರೆ ಅಂಕವೇ ಹೋಗಬಹುದು. ಎಲ್ಲ ತಪಾಸಣೆಗಳನ್ನೂ ಬರೆದುಕೊಟ್ಟು ಬಿಲ್ಲು ಏರಿಸುವ ಅಭ್ಯಾಸಕ್ಕೆ ಇದು ಒಳ್ಳೆಯ ಮದ್ದು.

ಮಾಂಟ್ರಿಯಲ್ಲಿನ ಬರ್ನಾರ್ಡ್ ಶಾರ್ಲೆ ಅವರ ಪದ್ಧತಿ ಇನ್ನೂ ಸೂಕ್ಷ್ಮ. ‘ಸಕ್ಕರೆಯಿಂದಾದ ನರದೌರ್ಬಲ್ಯ ಎಂದು ನೀವು ಯೋಚಿಸುತ್ತಿದ್ದೀರಿ. ಆಗ ರೋಗಿಯ ನಾಲಿಗೆ ನುಣುಪಾಗಿ ಕೆಂಪಗಿರುವುದು ಕಂಡಿತು. ನಿಮ್ಮ ಊಹೆಯ ಬಲ ಹೆಚ್ಚಿತೇ, ತಗ್ಗಿತೇ, ಇದ್ದಂತೆ ಉಳಿಯಿತೇ?’ ಇದಕ್ಕೆ ಒಂದೇ ಸರಿ ಉತ್ತರವಿಲ್ಲ. ಅನುಭವಿ ವೈದ್ಯರ ಒಂದು ಮಂಡಲಿ ಕೊಟ್ಟ ಉತ್ತರಗಳೊಡನೆ ತೂಗಿ ಅಂಕ ಕೊಡುತ್ತಾರೆ. ಬಹಳ ಮಂದಿ ಹೇಳಿದ ಉತ್ತರಕ್ಕೆ ಪೂರ್ಣ ಅಂಕ, ಕೆಲವರು ಹೇಳಿದ್ದಕ್ಕೆ ಭಾಗಾಂಶ. ಅನಿಶ್ಚಿತ ಸಂಗತಿಯಲ್ಲಿ ತಿಳಿದವರ ನಡುವೆಯೂ ಭಿನ್ನ ನೋಟಗಳಿರುತ್ತವೆ ಎಂಬುದನ್ನು ಒಪ್ಪಿಕೊಂಡ ಪದ್ಧತಿ ಇದು. ಅನೇಕಾಂತದ ಪರಿಚಯವಿರುವ ನಮಗೆ ಇದು ವಿಚಿತ್ರವೆನಿಸದು.

ರೋಗಿಯ ಪಾತ್ರಕ್ಕೆ ಒಬ್ಬರನ್ನು ತರಬೇತುಗೊಳಿಸಿ ಪರೀಕ್ಷಿಸುವ ಕ್ರಮವನ್ನು 1963ರಲ್ಲಿ ಹೊವಾರ್ಡ್ ಬ್ಯಾರೋಸ್ ಅಮೆರಿಕದಲ್ಲಿ ಆರಂಭಿಸಿದರು. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಹಲವು ಮೇಜುಗಳ ಸರತಿ ಪರೀಕ್ಷೆಯನ್ನು ಪ್ರಕಟಿಸಿದರು. ಗಂಟೆ ಬಾರಿಸಿದಾಗಲೆಲ್ಲ ಅಭ್ಯರ್ಥಿ ಮುಂದಿನ ಮೇಜಿಗೆ ಹೋಗಬೇಕು. ಈ ಮಾದರಿ ಇಂದು ಭಾರತದ ವೈದ್ಯಕೀಯ ಕಾಲೇಜುಗಳಲ್ಲಿಯೂ ಪರಿಚಿತ.

ಕೆನಡಾದ ಹದಿನೈದು ನಿಮಿಷ

ಕುಟುಂಬ ವೈದ್ಯರಿಗೆಂದೇ ರೂಪುಗೊಂಡ ಪರೀಕ್ಷೆ ಕೆನಡಾದ್ದು. ಅಲ್ಲಿನ ಕುಟುಂಬ ವೈದ್ಯರ ಕಾಲೇಜು 1954ರಲ್ಲಿ ಸ್ಥಾಪನೆಯಾಯಿತು, 1969ರಿಂದ ಪ್ರಮಾಣಪತ್ರದ ಪರೀಕ್ಷೆ ನಡೆಸುತ್ತ ಬಂದಿದೆ. ಇದರ ಹೆಸರಾದ ಭಾಗವೊಂದರಲ್ಲಿ ಪರೀಕ್ಷಕರಾದ ವೈದ್ಯರೇ ರೋಗಿಯ ಪಾತ್ರ ವಹಿಸುತ್ತಾರೆ. ರೆಸಿಡೆಂಟಿಗೆ 15 ನಿಮಿಷ. ರೋಗಿ ತನ್ನ ಎಲ್ಲ ಕಷ್ಟವನ್ನೂ ತಾನಾಗಿ ಹೇಳುವುದಿಲ್ಲ. ಸರಿಯಾಗಿ ಕೇಳಿದರೆ ಮಾತ್ರ ಬಿಚ್ಚುತ್ತಾನೆ.

ಅಂಕ ಕೊಡುವ ರೀತಿ ಗಮನಾರ್ಹ. ರೋಗದ ಹೆಸರು ಹೇಳಿದರಷ್ಟೇ ಸಾಲದು. ಈ ಕಾಯಿಲೆಯ ಬಗ್ಗೆ ರೋಗಿಗೆ ಇರುವ ಭಯವೇನು, ಅವನೇ ಏನೆಂದು ಭಾವಿಸಿದ್ದಾನೆ, ನಿತ್ಯದ ಕೆಲಸಕ್ಕೆ ಏನು ಅಡ್ಡಿಯಾಗಿದೆ, ವೈದ್ಯರಿಂದ ಏನನ್ನು ಬಯಸಿದ್ದಾನೆ ಎಂಬ ನಾಲ್ಕನ್ನೂ ಹೊರತೆಗೆಯಬೇಕು. ಮನೆಯ ಪರಿಸ್ಥಿತಿ ತಿಳಿಯಬೇಕು. ಆಮೇಲೆ ರೋಗಿಯೊಡನೆ ಸೇರಿ ಚಿಕಿತ್ಸೆಯ ದಾರಿ ನಿರ್ಧರಿಸಬೇಕು.

ಇದು ಬರಿಯ ಸೌಜನ್ಯವೆಂದು ಭಾವಿಸಬಾರದು, ವಿವೇಚನೆಯ ಅಂಗವೇ ಹೌದು. ನಮ್ಮ ವ್ಯಾಪಾರಿಗೆ ಬಿ-12 ಕೊರತೆ ಎಂದು ಸರಿಯಾಗಿ ಗುರುತಿಸಿ ಕ್ಯಾಪ್ಸೂಲ್ ಬರೆದುಕೊಟ್ಟರು ಎನ್ನಿ. ಅನೇಕ ಕ್ಯಾಪ್ಸೂಲ್‌ಗಳ ಹೊದಿಕೆ ಪ್ರಾಣಿಜನ್ಯ ಜೆಲಾಟಿನ್‌ನದು. ಆತ ತಿಳಿದು ಅದನ್ನು ಮುಟ್ಟುವುದಿಲ್ಲ; ವೈದ್ಯರಿಗೆ ಹೇಳುವುದೂ ಇಲ್ಲ. ಮೂರು ತಿಂಗಳ ನಂತರ ಜೋಮು ಹಾಗೆಯೇ ಇರುತ್ತದೆ. ಬಿ-12 ಜೀವಸತ್ವವನ್ನು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ, ಗುಳಿಗೆ ಹಾಗೂ ಇಂಜೆಕ್ಷನ್ ರೂಪದಲ್ಲಿಯೂ ಸಿಗುತ್ತದೆ ಎಂದು ಕೇಳಿ ಹೇಳಿದ್ದರೆ ಈ ನಷ್ಟವಾಗುತ್ತಿರಲಿಲ್ಲ.

ಉಪವಾಸದ ವಿಷಯವೂ ಹೀಗೆಯೇ. ದಶಲಕ್ಷಣ ಪರ್ವದಲ್ಲಾಗಲಿ ಪರ್ಯೂಷಣದಲ್ಲಾಗಲಿ ಏಕಾಶನ, ಉಪವಾಸ ಮಾಡುವ ಹಿರಿಯರು ಗ್ಲಿಮೆಪಿರೈಡ್‌ನಂಥ ಗುಳಿಗೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ‘ತಲೆ ತಿರುಗುತ್ತದೆ’ ಎಂದು ಬಂದ ಅಜ್ಜಿಗೆ ಭಾದ್ರಪದದಲ್ಲಿ ‘ಊಟ ಯಾವಾಗ ಮಾಡುತ್ತೀರಿ?’ ಎಂದು ಕೇಳುವ ರೆಸಿಡೆಂಟ್ ನಿಜವಾಗಿ ಯೋಚಿಸುತ್ತಿದ್ದಾನೆ. ಅದನ್ನು ಬಿಟ್ಟು ಮೆದುಳಿನ ಸ್ಕ್ಯಾನಿಗೆ ಕಳುಹಿಸಿದವನು ಒಂದು ಮೆಟ್ಟಿಲು ಹಾರಿದ್ದಾನೆ.

ಗಡಿನಾಡಿನ ಭಾಷೆ

ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಮನೆಯ ಮಾತು ಕನ್ನಡ, ವೈದ್ಯರ ಮಾತು ಮರಾಠಿ, ಮಲಯಾಳ, ತೆಲುಗು ಅಥವಾ ತಮಿಳು. ನಾವು ‘ಜೋಮು’ ಎನ್ನುವುದನ್ನು ಸೊಲ್ಲಾಪುರದಲ್ಲಿ ‘ಮುಂಗ್ಯಾ’ ಎನ್ನಬೇಕು, ಆದವಾನಿಯಲ್ಲಿ ‘ತಿಮ್ಮಿರಿ’, ವಯನಾಡಿನಲ್ಲಿ ‘ತರಿಪ್ಪ್’. ಪೇಟೆಯಲ್ಲಿ ಎರಡು ಮೂರು ಭಾಷೆ ಸಲೀಸಾಗಿ ಆಡುವ ಗಂಡಸರಿಗೆ ಇದು ತೊಂದರೆಯಲ್ಲ. ಮನೆಯೊಳಗಿನ ಹಿರಿಯ ಹೆಣ್ಣುಮಕ್ಕಳ ಪಾಡು ಬೇರೆ. ಮಗ ಅನುವಾದಿಸುವಾಗ ‘ಅವ್ವಗ ಬರೇ ಕಾಲುನೋವು’ ಎಂದು ಚಿಕ್ಕದಾಗಿ ಮುಗಿಸುತ್ತಾನೆ. ಮೊದಲ ಮಾಹಿತಿಯೇ ತಪ್ಪಿದರೆ ಎಂಥ ವೈದ್ಯರೂ ದಾರಿ ತಪ್ಪುತ್ತಾರೆ. ರೋಗಿಯ ಮಾತನ್ನೇ ಕೇಳಲು ತಾಳ್ಮೆ ತೋರಿಸುತ್ತಾನೆಯೇ ಎಂಬುದೂ ರೆಸಿಡೆಂಟಿನ ಪರೀಕ್ಷೆಯ ಅಂಗವಾಗಬೇಕು.

ನಿತ್ಯದ ಕೆಲಸವೇ ದೊಡ್ಡ ಪರೀಕ್ಷೆ

ಪಾತ್ರಧಾರಿ ರೋಗಿಯ ಮುಂದೆ ಎಲ್ಲರೂ ಜಾಗರೂಕರು. ಮಿಲ್ಲರ್ ಹೇಳಿದ ಕೊನೆಯ ಮೆಟ್ಟಿಲು ನಿತ್ಯದ ಕೆಲಸದ್ದು. ಅದಕ್ಕಾಗಿ ಗುರುಗಳು ಪಕ್ಕದಲ್ಲಿ ಕುಳಿತು 15-20 ನಿಮಿಷ ನೋಡಿ, ಅಲ್ಲಿಯೇ ತಿದ್ದುವ ಕ್ರಮವನ್ನು ಜಾನ್ ನಾರ್ಸಿನಿ ಮತ್ತು ಸಂಗಡಿಗರು 1995ರಲ್ಲಿ ಮುಂದಿಟ್ಟರು. ಇನ್ನೊಂದು ಸರಳ ಕ್ರಮವೂ ಇದೆ. ಸಂಜೆ ಕೇಸ್ ಪೇಪರ್ ತೆಗೆದು ‘ಈ ಗುಳಿಗೆ ಏಕೆ ಬರೆದೆ? ಬೇರೆ ಏನು ಯೋಚಿಸಿದ್ದೆ? ಯಾವ ಸಂಗತಿ ಕಂಡಿದ್ದರೆ ಮನಸ್ಸು ಬದಲಾಯಿಸುತ್ತಿದ್ದೆ?’ ಎಂದು ಗುರುಗಳು ಕೇಳುವುದು. ಹಲವು ರೋಗಿಗಳು, ಹಲವು ದಿನಗಳು, ಹಲವು ಪರೀಕ್ಷಕರು ಸೇರಿದಾಗಲೇ ತೀರ್ಪಿಗೆ ಬೆಲೆ. ಒಂದು ದಿನದ ಪರೀಕ್ಷೆ ಇದಕ್ಕೆ ಬದಲಾಗದು.

ನಾವು ಮಾಡಬಹುದಾದದ್ದು

ಸಮಾಜಬಾಂಧವರು ಇಲ್ಲಿ ಬರಿಯ ಪ್ರೇಕ್ಷಕರಲ್ಲ. ವೈದ್ಯರ ಬಳಿಗೆ ಹೋಗುವಾಗ ತೆಗೆದುಕೊಳ್ಳುತ್ತಿರುವ ಎಲ್ಲ ಗುಳಿಗೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ವ್ರತ, ಉಪವಾಸ, ರಾತ್ರಿಭೋಜನ ತ್ಯಾಗ, ಆಹಾರದ ನಿಯಮಗಳನ್ನು ಕೇಳದಿದ್ದರೂ ಹೇಳಬೇಕು. ಪರ್ವಕ್ಕೆ ಮೊದಲೇ ಔಷಧದ ವಿಷಯ ವಿಚಾರಿಸಬೇಕು. ತಾವಾಗಿ ಹೆಚ್ಚುಕಡಿಮೆ ಮಾಡಬಾರದು. ತಾಯಂದಿರ ಮಾತನ್ನು ಅವರ ಬಾಯಿಂದಲೇ ಹೇಳಿಸಿ, ಆಮೇಲೆ ಅನುವಾದಿಸಬೇಕು. ‘ಇದು ಬೇರೆ ಏನಾದರೂ ಇರಬಹುದೇ? ಏನಾದರೆ ಮತ್ತೆ ಬರಬೇಕು?’ ಎಂಬ ಎರಡು ಪ್ರಶ್ನೆಗಳನ್ನು ಗೌರವದಿಂದ ಕೇಳಬೇಕು. ಯೋಚಿಸುವ ವೈದ್ಯರು ಇದರಿಂದ ಸಿಟ್ಟಾಗುವುದಿಲ್ಲ. ಬೋಧನಾ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರು ಬಹಳ ಪ್ರಶ್ನೆ ಕೇಳಿದರೆ, ಗುರುಗಳು ಬಂದು ಮತ್ತೆ ಕೇಳಿದರೆ ಬೇಸರಪಡಬಾರದು. ಅಲ್ಲಿ ನಡೆಯುತ್ತಿರುವುದು ಈ ಪರೀಕ್ಷೆಯೇ.

ಮಗ ಅಥವಾ ಮಗಳು ಫ್ಯಾಮಿಲಿ ಮೆಡಿಸಿನ್ ಓದುತ್ತೇನೆಂದರೆ ‘ಅಷ್ಟೇನಾ?’ ಎನ್ನಬಾರದು. ಜತ್ತ, ಅಕ್ಕಲಕೋಟ, ಮಡಕಶಿರಾ, ತಾಳವಾಡಿಯಂಥ ಊರುಗಳಲ್ಲಿ ಇಡೀ ಮನೆಯನ್ನು ಬಲ್ಲ, ನಮ್ಮ ಮಾತು ಮತ್ತು ನಿಯಮ ತಿಳಿದ, ತೂಗಿ ನೋಡಿ ನಿರ್ಧರಿಸುವ ಒಬ್ಬ ವೈದ್ಯರಿದ್ದರೆ ಎಷ್ಟೋ ಕುಟುಂಬಗಳ ಅಲೆದಾಟ ತಪ್ಪುತ್ತದೆ. ಅಂಥ ಓದಿಗೆ ಮುಂದಾದ ಮಕ್ಕಳಿಗೆ ಹಿರಿಯರ ಆಶೀರ್ವಾದವೂ ಸಮಾಜದ ಪ್ರೋತ್ಸಾಹವೂ ದೊರೆಯಲಿ.