ವಿಶ್ವವಿದ್ಯಾಲಯದ ಬೋಧನೆ: ಸಂಶೋಧನೆ ಆಧಾರಿತ ವಿಧಾನಗಳು ಹಾಗೂ ವಿದ್ಯಾರ್ಥಿಗಳ ಆರೋಗ್ಯ

ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವು 1991ರಲ್ಲಿ ಸ್ಥಾಪನೆಗೊಂಡಿದ್ದು, ಇದು ಪ್ರಧಾನವಾಗಿ ಸಂಶೋಧನೆಗೆ ಮೀಸಲಾದ ವಿಶ್ವವಿದ್ಯಾಲಯವಾಗಿರುತ್ತದೆ. ಹೊಸಪೇಟೆ, ಸಂಡೂರು ಹಾಗೂ ಕಂಪ್ಲಿಯ ಪದವಿ ಕಾಲೇಜುಗಳು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು, 2010ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿ ಇದರ ಸ್ನಾತಕೋತ್ತರ ಕೇಂದ್ರವಿದೆ. ಹೀಗೆ ಉನ್ನತ ಶಿಕ್ಷಣವು ಗ್ರಾಮೀಣ ವಿದ್ಯಾರ್ಥಿಗಳಿಗೆ ಸಮೀಪವಾಗಿದೆ. ಆದರೆ ಪ್ರವೇಶ ಪಡೆದವರು ಎಷ್ಟು ಕಲಿಯುತ್ತಾರೆ ಎಂಬುದು ಬೇರೆಯೇ ಪ್ರಶ್ನೆ.

ತರಗತಿಯಲ್ಲಿ ಅಧ್ಯಾಪಕರು ಹೇಳುವುದು, ವಿದ್ಯಾರ್ಥಿಗಳು ಬರೆದುಕೊಳ್ಳುವುದು ರೂಢಿಯಲ್ಲಿರುವ ಪದ್ಧತಿ. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ವಿಜ್ಞಾನ, ಗಣಿತ ಹಾಗೂ ಇಂಜಿನಿಯರಿಂಗ್ ವಿಷಯಗಳ 225 ಅಧ್ಯಯನಗಳನ್ನು ಪರಿಶೀಲಿಸಿತು. ಕೇವಲ ಉಪನ್ಯಾಸ ಕೇಳಿದವರಲ್ಲಿ ಸರಾಸರಿ ಶೇ. 33.8 ರಷ್ಟು ಮಂದಿ ಅನುತ್ತೀರ್ಣರಾದರೆ, ಚರ್ಚೆ ಹಾಗೂ ಸಮಸ್ಯೆ ಬಿಡಿಸುವ ಚಟುವಟಿಕೆಗಳಿದ್ದ ತರಗತಿಗಳಲ್ಲಿ ಈ ಪ್ರಮಾಣ ಶೇ. 21.8 ಇತ್ತು. ಕುಟುಂಬದಲ್ಲಿ ಮೊದಲಿಗರಾಗಿ ಕಾಲೇಜಿಗೆ ಬಂದವರಿಗೆ ಒಂದು ವಿಷಯದಲ್ಲಿ ಅನುತ್ತೀರ್ಣರಾಗುವುದೆಂದರೆ ಹಲವು ಬಾರಿ ಓದೇ ನಿಂತಂತೆ.

ಮತ್ತೊಂದು ವಿಧಾನಕ್ಕೆ ಖರ್ಚೇ ಇಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ನಡೆಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ವಾರದ ನಂತರ ಪರೀಕ್ಷಿಸಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಶೇ. 56, ಮರುಓದಿದವರು ಶೇ. 42 ಭಾಗವನ್ನು ಜ್ಞಾಪಿಸಿಕೊಂಡರು. ವಾಣಿಜ್ಯ ಪದವಿ ಓದಿದವರಿಗೆ ಇದು ಹೊಸದೇನಲ್ಲ: ಟ್ರಯಲ್ ಬ್ಯಾಲೆನ್ಸನ್ನು ಓದಿ ಕಲಿತವರಿಲ್ಲ, ತಾವೇ ಹಾಕಿ ತಾಳೆ ನೋಡಿ ಕಲಿತವರೇ ಎಲ್ಲರೂ. ತರಗತಿಯ ಕೊನೆಯ ಐದು ನಿಮಿಷದಲ್ಲಿ ಅಂಕಗಳಿಲ್ಲದ ಎರಡು ಪ್ರಶ್ನೆಗಳನ್ನು ಕೊಟ್ಟರೆ ಸಾಕಾಗುತ್ತದೆ.

ಆರೋಗ್ಯದ ಅಂಶವನ್ನೂ ಪರಿಗಣಿಸಬೇಕಾಗಿದೆ. ಕಂಪ್ಲಿ ಮತ್ತು ಸಂಡೂರುಗಳಿಂದ ಹೊಸಪೇಟೆಗೆ ಸುಮಾರು 30 ಕಿ.ಮೀ. ದೂರವಿದ್ದು, ಬೆಳಗಿನ ಬಸ್ಸು ಹಿಡಿಯುವ ವಿದ್ಯಾರ್ಥಿ ಉಪಾಹಾರ ಬಿಟ್ಟು ಹೊರಡುವ ಸಂಭವ ಹೆಚ್ಚು. ಬೇಸಿಗೆಯಲ್ಲಿ ಈ ಭಾಗದ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಕಠಿಣ ವಿಷಯಗಳನ್ನು ಮಧ್ಯಾಹ್ನದ ಮೊದಲೇ ಇಡುವುದು, ಕುಡಿಯುವ ನೀರು, ಎರಡು ತರಗತಿಗಳ ನಡುವೆ ಎದ್ದು ಓಡಾಡಲು ಬಿಡುವು, ಇವು ವೇಳಾಪಟ್ಟಿಯಲ್ಲಿಯೇ ಸೇರಬೇಕು. ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ಗಂಟೆ ನಿದ್ರೆ ಅಗತ್ಯ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವುದರಿಂದ ಕಲಿತದ್ದೂ ಮರೆಯುತ್ತದೆ.

ವಿದ್ಯಾರ್ಥಿಗಳ ದೈಹಿಕ ಹಾಗೂ ಮಾನಸಿಕ ಸ್ವಾಸ್ಥ್ಯಕ್ಕಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2023ರಲ್ಲಿ ಮಾರ್ಗಸೂಚಿ ಹೊರಡಿಸಿದ್ದು, ವಿದ್ಯಾರ್ಥಿ ಸೇವಾ ಕೇಂದ್ರಗಳನ್ನು ತೆರೆಯಲು ಸೂಚಿಸಿದೆ. ಪರೀಕ್ಷಾ ಭಯ, ಖಿನ್ನತೆ ಮುಂತಾದ ತೊಂದರೆಗಳಿದ್ದಲ್ಲಿ ವಿದ್ಯಾರ್ಥಿಗಳು ಅಥವಾ ಪೋಷಕರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.