ಕರಿಮನೆ, ಬಿಳಿಮನೆಗಳ ಆಟ

ಪಿಯಾನೋದಲ್ಲಿ 88 ಕೀಲಿಗಳು. ಬಿಳಿಯವು 52, ಕಪ್ಪು 36. ಎದುರಿಗೆ ಕುಳಿತ ಐದು ವರ್ಷದ ಮಗುವಿನ ಕಾಲು ನೆಲಕ್ಕೆ ತಾಗುವುದಿಲ್ಲ. ಕೈ ಚಾಚಿದರೆ ಎರಡು ತುದಿ ಎಟಕುವುದಿಲ್ಲ. ಅದರ ಮೇಲೆ ಇರುವೆ ಸಾಲಿನಂಥ ಬರಹವಿರುವ ಪುಸ್ತಕ ಬೇರೆ. 'ತಪ್ಪು, ಇನ್ನೊಮ್ಮೆ' ಎಂದು ದಿನವೂ ಕೇಳಿಸಿಕೊಂಡ ಮಗು ಪಾಠದ ಹೊತ್ತಿಗೆ ಹೊಟ್ಟೆನೋವು ಎಂದರೆ ಆಶ್ಚರ್ಯವಿಲ್ಲ.

ಮಗುವಿನ ತೊಡಕು ದೊಡ್ಡವರಿಗೆ ಕಾಣುವುದೇ ಇಲ್ಲ. ಪಾಶ್ಚಾತ್ಯ ಸಂಗೀತವನ್ನು ಐದು ಗೆರೆಗಳ ಮೇಲೆ ಬರೆಯುತ್ತಾರೆ. ಸ್ವರ ಏರಿದಂತೆ ಕಾಗದದಲ್ಲಿ ಅದರ ಗುರುತು ಮೇಲಕ್ಕೆ ಹೋಗುತ್ತದೆ; ಪಿಯಾನೋದಲ್ಲಿ ಅದೇ ಸ್ವರ ಬಲಕ್ಕೆ ಸರಿಯುತ್ತದೆ. 'ಮೇಲೆ' ಎಂದರೆ 'ಬಲಕ್ಕೆ' ಎಂಬುದನ್ನು ಮಗು ಹೇಗೆ ಒಪ್ಪಬೇಕು? ಬಾಯಿಮಾತಿನಲ್ಲಿ ಇದನ್ನು ತಿಳಿಸುವುದು ಕಷ್ಟ. ಆದ್ದರಿಂದಲೇ ಜಾಣ ಶಿಕ್ಷಕರು ನೆಲದ ಮೇಲೆ ಐದು ಗೆರೆ ಎಳೆದು, ಕುಂಟೆಬಿಲ್ಲೆಯಂತೆ ಮಗುವನ್ನು ಹಾರಲು ಬಿಡುತ್ತಾರೆ. ಗೆರೆಗೊಂದು ಸ್ವರ, ಸಂದಿಗೊಂದು ಸ್ವರ. ಮಗು ಒಂದು ಹೆಜ್ಜೆ ಮುಂದೆ ಹಾರಿದರೆ ಬಲಗಡೆಯ ಬಿಳಿ ಕೀಲಿ ನುಡಿಯುತ್ತದೆ, ಹಿಂದಕ್ಕೆ ಹಾರಿದರೆ ಎಡಗಡೆಯದು. ಕಿವಿಗೂ ಕಾಲಿಗೂ ನಂಟು ಬೆಳೆದ ಮೇಲೆ ಕಾಗದದ ಭಯ ತಾನಾಗಿ ಕಡಿಮೆಯಾಗುತ್ತದೆ.

ಕೀಲಿ ಗುರುತಿಸುವುದಕ್ಕೂ ಆಟವಿದೆ. ನಮ್ಮ ಹಾರ್ಮೋನಿಯಂ ವಾದಕರು ಕೀಲಿಯನ್ನು 'ಮನೆ' ಎನ್ನುತ್ತಾರಲ್ಲ, ಆ ಮಾತು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಕರಿಮನೆಗಳು ಎರಡು, ಮೂರು, ಎರಡು, ಮೂರು ಎಂದು ಗುಂಪುಗೂಡಿವೆ. ಎರಡರ ಗುಂಪಿನ ನಡುವಿನ ಬಿಳಿಮನೆಯ ಹೆಸರು ಎಲ್ಲಿ ನೋಡಿದರೂ 'ಡಿ'. ಕಣ್ಣು ಮುಚ್ಚಿ, ಬೆರಳಲ್ಲಿ ತಡವಿ ಅದನ್ನು ಹುಡುಕಬೇಕು. ಒಂದು ಸಿಕ್ಕಿತೆಂದರೆ ಅಕ್ಕಪಕ್ಕದ ಮನೆಯವರ ಪರಿಚಯ ಸುಲಭ.

ಇವೇನೂ ಇಂದು ನಿನ್ನೆಯ ಯೋಚನೆಯಲ್ಲ. ಎಡಿನ್‌ಬರೋದ ಸಂಗೀತ ಶಿಕ್ಷಕಿ ಆನ್ ಯಂಗ್ ತಾವು ರೂಪಿಸಿದ ಸಂಗೀತದ ಆಟಗಳಿಗೆ 1801ರಲ್ಲೇ ಪೇಟೆಂಟ್ ಪಡೆದಿದ್ದರು. ಒಂದು ಮರದ ಪೆಟ್ಟಿಗೆ; ಬಿಚ್ಚಿದರೆ ಎರಡು ಹಲಗೆ. ದಾಳ ಉರುಳಿಸಿ, ಸ್ವರದ ಗುರುತುಳ್ಳ ಮೊಳೆಗಳನ್ನು ಚುಚ್ಚುತ್ತಾ ಆಡಬೇಕು. ನಮ್ಮ ಚೌಕಾಬಾರದಲ್ಲೂ 'ಮನೆ'ಗಳಿವೆ ಎಂಬುದು ನೆನಪಾಗದಿರದು. ಆದರೆ ಈ ಆಟಗಳನ್ನು ವಿವರಿಸಲು ಆಕೆ 1803ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಬೇಕಾಯಿತು. ಆಟ ಆಡಲು ಮೊದಲು ಪುಸ್ತಕ ಓದಬೇಕೆಂದರೆ ಅದು ಪಾಠವೇ ಅಲ್ಲವೇ? ಅಲ್ಲದೆ ಅಲ್ಲಿಯೂ ತಪ್ಪಿದವನು ಸೋತಂತೆಯೇ.

ತಪ್ಪಿನ ಭಯವನ್ನೇ ಬುಡಸಮೇತ ಕಿತ್ತು ನೋಡಿದವರು ಹಂಗೆರಿಯ ಸಂಗೀತ ರಚನೆಕಾರ ಜ್ಯೋರ್ಜ್ ಕುರ್ತಾಗ್. 1973ರಲ್ಲಿ ಮಕ್ಕಳಿಗಾಗಿ ಅವರು ಆರಂಭಿಸಿದ ಪಿಯಾನೋ ರಚನೆಗಳ ಹೆಸರೇ 'ಯಾತೇಕೋಕ್', ಅಂದರೆ 'ಆಟಗಳು'. ಪಿಯಾನೋ ಇನ್ನೂ ಆಟಿಕೆಯಾಗಿಯೇ ಇರುವ ಮಗುವಿನ ವರ್ತನೆ ಅವರಿಗೆ ಸ್ಫೂರ್ತಿ. ಇಲ್ಲಿ ಅಂಗೈಯಿಂದ ಬಡಿಯಬಹುದು, ಮುಷ್ಟಿಯಿಂದ ಗುದ್ದಬಹುದು, ಮುಂಗೈಯನ್ನೇ ಕೀಲಿಗಳ ಮೇಲೆ ಊರಬಹುದು, ಈ ತುದಿಯಿಂದ ಆ ತುದಿಗೆ ಬೆರಳು ಜಾರಿಸಬಹುದು. ಒಂದೊಂದೇ ಮನೆಯನ್ನು ಹುಡುಕಿ ಒತ್ತುವುದು ಆಮೇಲಿನ ಮಾತು. ಮೊದಲ ದಿನವೇ ಇಡೀ ವಾದ್ಯ ಮಗುವಿನದು.

ಹಾಗೆಂದು ಇದು ಮನಬಂದಂತೆ ಬಡಿಯುವ ಗದ್ದಲವಲ್ಲ. ಎಷ್ಟು ಮೆಲ್ಲಗೆ, ಎಷ್ಟು ಜೋರಾಗಿ, ಎಲ್ಲಿ ಸುಮ್ಮನಿರಬೇಕು ಎಂಬುದಕ್ಕೆಲ್ಲ ಗುರುತುಗಳಿವೆ. ಸರಳೆ ವರಸೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರುವ ನಮ್ಮ ಕ್ರಮಕ್ಕೆ ಇದು ತೀರ ತಲೆಕೆಳಗು. ಯಾವುದು ಮೇಲು ಎಂಬ ಚರ್ಚೆ ಸಂಗೀತಗಾರರಿಗೇ ಇರಲಿ.

ಮಕ್ಕಳಿಗೆಂದು ಹುಟ್ಟಿದ ಈ ಆಟಗಳು ಮುಂದೆ ಹಲವು ಸಂಪುಟಗಳಾದವು. ತಲೆ ನರೆತ ಕುರ್ತಾಗ್ ಮತ್ತು 2019ರಲ್ಲಿ ತೀರಿಕೊಂಡ ಅವರ ಪತ್ನಿ ಮಾರ್ತಾ ಒಂದೇ ಪಿಯಾನೋದ ಮುಂದೆ ಪಕ್ಕಪಕ್ಕ ಕುಳಿತು, ಒಬ್ಬರ ಕೈ ಮೇಲೆ ಇನ್ನೊಬ್ಬರ ಕೈ ಹಾಯಿಸುತ್ತಾ, ದೊಡ್ಡ ಸಭಾಂಗಣಗಳಲ್ಲಿ ಅವನ್ನು ನುಡಿಸುತ್ತಿದ್ದರು.