ಡೋರು ಕಣಿವೆಯ ಪೋರ್ಟ್ ವೈನ್

ಪೋರ್ಚುಗಲ್ಲಿನ ಡೋರು ನದಿಕಣಿವೆಯ ದ್ರಾಕ್ಷಿಯಿಂದ ಪೋರ್ಟ್ ವೈನ್ ತಯಾರಿಸುವ, 1692ರಲ್ಲಿ ಆರಂಭವಾಗಿ ಇಂದಿಗೂ ಕುಟುಂಬದ ಒಡೆತನದಲ್ಲೇ ಇರುವ ಟೇಲರ್ಸ್ ಸಂಸ್ಥೆಯ ಕೀರ್ತಿಗೆ, 1893ರಿಂದ ಅದರ ಕೈಯಲ್ಲಿರುವ ವಾರ್ಜೆಲಾಸ್ ತೋಟವೇ ಮುಖ್ಯ ಆಧಾರ. ಪದರಗಲ್ಲಿನ ಆ ಕಡಿದಾದ ಇಳಿಜಾರಿನಲ್ಲಿ ಮಣ್ಣು ತೀರ ಕಡಿಮೆಯಾದ್ದರಿಂದ ಬಳ್ಳಿಯ ಬೇರುಗಳು ನೀರನ್ನರಸಿ ಬಂಡೆಯ ಬಿರುಕುಗಳೊಳಗೆ ಆಳಕ್ಕಿಳಿಯುತ್ತವೆ. ಇಳುವರಿ ಕಡಿಮೆ, ರಸ ಮಾತ್ರ ಗಾಢ. ಸುಗ್ಗಿಯಲ್ಲಿ ಕೆಲಸಗಾರರು ‘ಲಗಾರ್’ ಎಂಬ ಅಗಲವಾದ ಕಲ್ಲುತೊಟ್ಟಿಗಿಳಿದು, ತೋಳಿಗೆ ತೋಳು ಸೇರಿಸಿ ಸಾಲಾಗಿ ನಿಂತು ಹಣ್ಣನ್ನು ತುಳಿಯುವ ಪದ್ಧತಿ ಇಲ್ಲಿ ಇನ್ನೂ ಜೀವಂತವಾಗಿದೆ. ಬೀಜ ಒಡೆದು ಕಹಿ ಬಿಡದಂತೆ ಸಿಪ್ಪೆಯ ಬಣ್ಣವನ್ನು ಸೆಳೆಯುವ ಪಾದದ ಈ ಹದ ನಿಜಕ್ಕೂ ಮೆಚ್ಚತಕ್ಕದ್ದು. ಹುದುಗುವ ರಸದ ಸಕ್ಕರೆಯೆಲ್ಲ ಮದ್ಯಸಾರವಾಗುವ ಮೊದಲೇ, ಶೇ. 77ರಷ್ಟು ಮದ್ಯಸಾರವುಳ್ಳ ದ್ರಾಕ್ಷಿ ಸಾರಾಯಿಯನ್ನು ಬೆರೆಸಿ ಹುದುಗನ್ನು ತಡೆಯುವುದರಿಂದ (ಬಲವರ್ಧಿತ ವೈನ್ ಎನ್ನುವುದು ಇದನ್ನೇ) ಸಿಹಿ ಉಳಿದು, ಮದ್ಯಸಾರ ಶೇ. 20ರ ಆಸುಪಾಸಿನಲ್ಲಿ ನಿಲ್ಲುತ್ತದೆ.